ಮೊದಲ ಸಾಲಿನ ಶ್ರೀ

ನೋಡಿ, ನಮ್ಮ ಮನೆಯಲ್ಲಿ ಬೆಳಗ್ಗೆಯಿಂದ ಒಂದೇ ಪ್ರಶ್ನೆ: ಹಿನ್ನೆಲೆ ಕಪ್ಪಿರಲೋ, ಕಡುನೀಲಿಯೋ? ಮಗಳು ಗೇಮ್ ಬರೆಯಲು ಕಲಿಯುತ್ತಾಳಂತೆ. ಅದಕ್ಕೆಂದು ಕೋಡ್ ಬರೆಯುವ ಎಡಿಟರ್ ಒಂದನ್ನು ಇಳಿಸಿಕೊಂಡು ಮೂರನೇ ಸಲ ಅದರ ಬಣ್ಣ ಬದಲಿಸುತ್ತಿದ್ದಾಳೆ. ಒಂದು ಸಾಲೂ ಬರೆದಿಲ್ಲ. ಬೈಯಲು ಬಾಯಿ ತೆರೆದವನಿಗೆ ನನ್ನದೇ ಹಳೆಯ ಘನಕಾರ್ಯ ನೆನಪಾಯಿತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ದೊಡ್ಡಪ್ಪನ ಮಗ ಶಿವಣ್ಣ ಚನ್ನಪಟ್ಟಣದಲ್ಲಿ ಲಗ್ನಪತ್ರಿಕೆ ಕಂಪೋಸ್ ಮಾಡುವ ಅಂಗಡಿ ಇಟ್ಟಿದ್ದ. ಕಾಲೇಜು ಓದುತ್ತಿದ್ದ ನನಗೆ ಸಿಗುತ್ತಿದ್ದ ಒಂದೇ ಒಂದು ಕಂಪ್ಯೂಟರ್ ಅವನದು, ಅದೂ ಸಂಜೆ ಹೊತ್ತು. ಗೇಮ್ ಬರೆಯುತ್ತೇನೆಂದು ದಿನವೂ ಅದರ ಮುಂದೆ ಕೂರುತ್ತಿದ್ದೆ. ಒಂದು ದಿನ ಗಡುವು ಕೊಟ್ಟ: "ಭಾನುವಾರ ನಿನ್ ಗೇಮು ಆಡಿ ತೋರ್ಸ್‌ಬೇಕು ಕಣ್ಲಾ. ಇಲ್ದಿದ್ರೆ ಇತ್ಲಾಗೆ ಬರ್‌ಬ್ಯಾಡ. ಮದ್ವೆ ಸೀಜನ್ನು, ಕೆಲ್ಸ ತಲೆ ಮ್ಯಾಲೈತೆ."

ಮೊದಲು ಲಗ್ನಪತ್ರಿಕೆಯ ಸಾಫ್ಟ್‌ವೇರಿನಲ್ಲೇ ಪ್ರೋಗ್ರಾಂ ಬರೆದೆ. ಅಕ್ಷರ ಮುದ್ದಾಗಿ ಬರುತ್ತಿತ್ತಲ್ಲ! ಸುತ್ತ ಬಳ್ಳಿಯ ಅಂಚನ್ನೂ ಹಾಕಿದ್ದೆ. ಪ್ರೋಗ್ರಾಂ ಓದಿ ಓಡಿಸಬೇಕಾದ ಕಂಪೈಲರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೊನೆಗೆ ಬೋಳು ನೋಟ್‌ಪ್ಯಾಡಿಗೆ ಇಳಿದೆ. ಮೇಲಿಂದ ಬೀಳುವ ತೆಂಗಿನಕಾಯಿಯನ್ನು ಬುಟ್ಟಿ ಸರಿಸಿ ಹಿಡಿಯುವ ಆಟ. ಕಾಯಿ ಎಂದರೆ ಒಂದು ಸೊನ್ನೆ, ಬುಟ್ಟಿ ಎಂದರೆ ಮೂರು ಗೀಟು.

ಭಾನುವಾರ ಓಡಿಸಿದರೆ ಮೊದಲ ಸಾಲೇ ತಪ್ಪು ಎಂದಿತು. ಅಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ 'ಶ್ರೀ'. ಏನೇ ಬರೆದರೂ ಕಾಗದದ ನೆತ್ತಿಗೆ ಶ್ರೀ ಬರೆದೇ ಶುರುಮಾಡುವ ಕೈ ಇಲ್ಲೂ ಬರೆದುಬಿಟ್ಟಿತ್ತು. ಅಳಿಸಲು ಹೋದೆ. ಶಿವಣ್ಣ ಕೈ ಹಿಡಿದುಕೊಂಡ.

"ಏಯ್, ಶ್ರೀ ಅಳಿಸ್ತೀಯೇನ್ಲಾ? ನನ್ ಅಂಗ್ಡೀಲಿ ಅದೊಂದ್ ಆಗಾಕಿಲ್ಲ!"

"ಅದಿದ್ರೆ ಓಡಲ್ಲ ಕಣಣ್ಣ."

"ಓಡ್ದಿದ್ರೆ ಬುಡು."

ಕಂಪ್ಯೂಟರ್ ಕೈತಪ್ಪಿತು ಎಂದು ನನಗೆ ಅಳುವುದೊಂದು ಬಾಕಿ. ಗಾಬರಿಯಲ್ಲಿ ಪ್ರೋಗ್ರಾಮಿಂಗ್ ಪುಸ್ತಕ ತಿರುವಿದೆ. ಸಾಲಿನ ಮುಂದೆ ಎರಡು ಓರೆ ಗೀಟು ಎಳೆದರೆ ಕಂಪ್ಯೂಟರ್ ಆ ಸಾಲನ್ನು ಓದದೆ ಮುಂದೆ ಹೋಗುತ್ತದೆ ಎಂದಿತ್ತು. ಎಳೆದೆ. ಶಿವಣ್ಣ ಸ್ವಲ್ಪ ಯೋಚಿಸಿ ಒಪ್ಪಿದ: "ಅದು ಓದ್ದಿದ್ರೆ ಬುಡು. ದೇವ್ರು ಓದ್ಕತಾನೆ."

ಆಟ ಓಡಿತು, ಕಾಯಿ ಬಿತ್ತು. ಶಿವಣ್ಣ ಒಂದನ್ನೂ ಹಿಡಿಯಲಿಲ್ಲ. "ಇನ್ನೊಂದ್ಸಲ" ಎನ್ನುತ್ತ ಕೂತವನು, ಪತ್ರಿಕೆಗೆಂದು ಮದುಮಗಳ ಅಪ್ಪ ಬಂದು ನಿಂತರೂ ಏಳಲಿಲ್ಲ. "ಒಸಿ ಇರಿ ಗೌಡ್ರೆ, ಕಾಯಿ ಬೀಳ್ತಾವೆ!" ಕೊನೆಗೆ ಗೌಡರೂ ಬುಟ್ಟಿ ಹಿಡಿದರು. ನನಗಾದ ಖುಷಿ ಅಷ್ಟಿಷ್ಟಲ್ಲ. ಹೊರಡುವಾಗ ಶಿವಣ್ಣ ಅಂದ, "ನಾಳೆ ಬಿರ್ನೆ ಬಾ. ಕಾಯಿ ಒಸಿ ನಿಧಾನಕ್ ಬೀಳ್ಸು."

"ಅಪ್ಪಾ, ಎಲ್ಲ ಸೆಟ್ ಆಯ್ತು," ಮಗಳು ಕರೆದಳು. ಕಡುನೀಲಿ ಗೆದ್ದಿತ್ತು. ಆದರೆ ಮುಖ ಸಣ್ಣಗಾಗಿತ್ತು. "ಗೇಮ್ ಚೆನ್ನಾಗಿ ಆಗ್ದೇ ಇದ್ರೆ?"

ಉಪದೇಶ ಒಂದು ಮೂಟೆಯಷ್ಟಿತ್ತು. ನುಂಗಿಕೊಂಡು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

"ಹೇಗಾದ್ರೂ ಆಗ್ಲಿ, ಬರಿ. ಮೊದಲು ಆಡಿ ಸೋಲೋನು ನಾನು."