ಎಂಬತ್ತೆಂಟನೆಯ ಪುಟದ ಎಡಗೈ

ಹಳೆಯ ಮೋಟಾರು ಪಂದ್ಯಗಳ ಚಿತ್ರಸಂಪುಟಗಳಲ್ಲಿ ಅಡಿಬರಹದ ತಪ್ಪು ಹಿಡಿಯುವುದನ್ನು ಒಂದು ವಿದ್ಯೆಯ ಮಟ್ಟಕ್ಕೇರಿಸಿದವರು ಶ್ರೀಮತಿ ಮ್ಯೂರಿಯಲ್ ಆಸ್ಕ್‌ವಿತ್. ಕವೆಂಟ್ರಿಯ ನಮ್ಮ ಪ್ರಕಾಶನದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾಗುತ್ತಿರುವ ಅವರನ್ನು ಈ ಅಭಿನಂದನ ಸಂಪುಟದಲ್ಲಿ ಕೊಂಡಾಡಲು ಈಗ ಎಲ್ಲರೂ ಮುಂದೆ ಬಂದಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಕಾಗಿದ್ದಾಗ ಇವರೆಲ್ಲ ಎಲ್ಲಿದ್ದರು ಎಂದು ಕೇಳದೆ ಹೊಗಳಲು ಈ ಲೇಖನಿಗೆ ಮನಸ್ಸಿಲ್ಲ.

ಸೇರಿದ ವರ್ಷವೇ ಅವರು ಚಕ್ರದ ಕಡ್ಡಿಗಳನ್ನು ಎಣಿಸಿ, ಪಂದ್ಯವೊಂದರ ಇಸವಿಯನ್ನೇ ತಿದ್ದಿಸಿದರು. ಕಿರಿಯರ ತಪ್ಪುಗಳನ್ನು ಮಾತ್ರ ಪೆನ್ಸಿಲಿನಲ್ಲಿ ಗುರುತಿಸಿ, ಮಾಲೀಕರ ಕಣ್ಣಿಗೆ ಬೀಳುವ ಮೊದಲೇ ಸರಿಪಡಿಸಿಕೊಳ್ಳಲು ಬಿಡುತ್ತಿದ್ದರು.

ಹನ್ನೆರಡನೆಯ ವರ್ಷ, ಡಾರ್ಕಸ್ ಪಿಕರಿಂಗ್ ಎಂಬ ವೃದ್ಧೆ ನಮ್ಮ ಸಂಪುಟವೊಂದನ್ನು ಹೊತ್ತು ಕಚೇರಿಗೆ ಬಂದರು. ಎಂಬತ್ತೆಂಟನೆಯ ಪುಟದಲ್ಲಿ, 8ನೇ ನಂಬರಿನ ಕಾರಿನಲ್ಲಿ ಗುಡ್ಡವೇರಿ ಗೆಲ್ಲುತ್ತಿರುವಾತ ಕಾರಿನ ಒಡೆಯ ಸರ್ ಲಯನೆಲ್ ಎಂದು ಅಚ್ಚಾಗಿತ್ತು. ಅಲ್ಲ, ತಮ್ಮ ತಂದೆ, ಮೆಕ್ಯಾನಿಕ್ ಆಲ್ಬರ್ಟ್ ಎಂದರು ಡಾರ್ಕಸ್. ಲೇತ್ ಯಂತ್ರಕ್ಕೆ ಸಿಕ್ಕಿ ಆತನ ಎಡಗೈಯ ಎರಡು ಬೆರಳು ಹೋಗಿದ್ದವು. ಚಿತ್ರದಲ್ಲಾದರೋ ಬೆರಳಿಲ್ಲದ್ದು ಬಲಗೈಯಲ್ಲಿ.

"ನಮ್ಮಪ್ಪನ ಕೈ ನಂಗೆ ಗೊತ್ತಿಲ್ವಾ ತಾಯಿ? ಆ ಮೂರು ಬೆರಳಲ್ಲೇ ನಂಗೆ ಜಡೆ ಹಾಕ್ತಿದ್ದ."

ಮ್ಯೂರಿಯಲ್ ಕಾರಿನ ಹೊಗೆಕೊಳವೆ ನೋಡಿದರು. ಬಲಕ್ಕಿರಬೇಕಾದದ್ದು ಎಡಕ್ಕಿತ್ತು. ಚಿತ್ರವನ್ನೇ ನಾವು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುವುಮುರುವಾಗಿ ಅಚ್ಚು ಹಾಕಿದ್ದೆವು. 8 ತಿರುಗಿಸಿದರೂ 8 ಆದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

"ರೀ ಮ್ಯೂರಿಯಲ್, ಜನ ಕಾರು ನೋಡ್ತಾರೆ. ಬೆರಳು ಎಣಿಸ್ತಾರೇನ್ರೀ?" ಎಂದರು ಮಾಲೀಕರು.

"ಮಗಳು ಎಣಿಸಿದಾರೆ ಸಾರ್. ನಾನೂ ಎಣಿಸಿದೀನಿ."

ಸರ್ ಲಯನೆಲ್ ಮನೆತನದವರು ನಮಗೆ ಹಳೆಯ ಚಿತ್ರಗಳನ್ನು ಕೊಡುವವರು. ಅವರ ಮುಖ ಬಾಡಬಾರದಂತೆ. ಒಬ್ಬ ಕೂಲಿಯವನ ಗೆಲುವನ್ನು ಕದ್ದು ಒಡೆಯನ ಹೆಸರಿಗೆ ಬರೆದದ್ದಕ್ಕೆ ಇಷ್ಟೇ ಕಾರಣ. ನಾಲ್ಕು ಮರುಮುದ್ರಣಗಳಾದವು. ನಾಲ್ಕು ಬಾರಿಯೂ ಮ್ಯೂರಿಯಲ್ ತಿದ್ದುಪಡಿ ಬರೆದುಕೊಟ್ಟರು, ನಾಲ್ಕು ಬಾರಿಯೂ ಅದು ಕಸದ ಬುಟ್ಟಿ ಸೇರಿತು. ನಾವೆಲ್ಲ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ಬಾಯಿ ಮುಚ್ಚಿಕೊಂಡಿದ್ದೆವು. ನಾಚಿಕೆಗೆಟ್ಟವರಲ್ಲಿ ಇದನ್ನು ಬರೆಯುತ್ತಿರುವವರ ಹೆಸರೂ ಇದೆ.

ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ ಅವರೆಂದರು: "ಗಡಿಯಾರ ಬೇಡ. ಪುಸ್ತಕದಲ್ಲಿ ನನ್ನ ಫೋಟೋನೂ ಬೇಡ. ಅಲ್ಲಿ ಆ ಚಿತ್ರ ಹಾಕಿ. ನೆಟ್ಟಗೆ ಹಾಕಿ."

ಮಾಲೀಕರು ಒಪ್ಪಲಿಲ್ಲ. ಹಾಗಾದರೆ ನಮ್ಮ ಲೇಖನಗಳನ್ನೂ ಹಿಂದಕ್ಕೆ ಕೊಡಿ ಎಂದೆವು, ಹತ್ತೊಂಬತ್ತು ವರ್ಷ ತಡವಾಗಿ. ಆಗ ಒಪ್ಪಿದರು.

ಮ್ಯೂರಿಯಲ್ ಅವರು ನೂರ್ಕಾಲ ಬಾಳಲಿ. ಅವರ ಪೆನ್ಸಿಲು ನಮ್ಮಂಥವರ ನೆಮ್ಮದಿ ಕೆಡಿಸುತ್ತಲೇ ಇರಲಿ. ಈ ಸಂಪುಟದ ಮೊದಲ ಪ್ರತಿ ತೊಂಬತ್ತೆರಡರ ಡಾರ್ಕಸ್ ಅವರ ಕೈ ಸೇರಲಿದೆ.

ಎದುರು ಪುಟದ ಚಿತ್ರ: ಗೆದ್ದವರು, ಮೆಕ್ಯಾನಿಕ್ ಆಲ್ಬರ್ಟ್ ಪಿಕರಿಂಗ್. ಎಡಗೈ ನೋಡಿ.