ನೇಪಾಳದಲ್ಲಿ ಅತ್ತೆ ನೀರು ಬಿಟ್ಟಿದ್ದು

ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅಫಜಲಪುರದಿಂದ ಕಾಶಿಗೆ, ಅಲ್ಲಿಂದ ನೇಪಾಳದ ಪಶುಪತಿನಾಥನಿಗೆ ಯಾತ್ರೆಯ ಬಸ್ಸು ಹೊರಟಿತು. ಚೌಡಾಪುರದಿಂದ ಅತ್ತೆ, ನನ್ನ ಗಂಡ, ನಾನು ಹತ್ತಿದೆವು. ನಾನು ಸೊಲ್ಲಾಪುರದ ಆಚೆ ಹೋದವಳಲ್ಲ, ಅತ್ತೆ ಅಷ್ಟನ್ನೂ ನೋಡಿದವರಲ್ಲ. ಆದರೂ ನಮ್ಮ ಮೂವರಲ್ಲಿ ಪುಕ್ಕಲು ಎಂದರೆ ನನ್ನ ಗಂಡನೇ. ಕಿರಾಣಿ ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಅರ್ಧ ದಾರಿಯಿಂದ ತಿರುಗಿ ಬಂದು ಮತ್ತೆ ಜಗ್ಗುವ ಮನುಷ್ಯ.

ಕಾಶಿಯ ದರ್ಶನ ಮುಗಿಸಿ ಗಡಿಯ ಹತ್ತಿರ ಬಂದಾಗ ಬಸ್ಸಿನ ಮುಖ್ಯಸ್ಥ ಎದ್ದು ನಿಂತು, ಇನ್ನು ಮುಂದೆ ಪರದೇಶ, ಕಳವಾದರೆ ಕೇಳುವವರಿಲ್ಲ, ಬೆಳ್ಳಿ ಬಂಗಾರ ಮುಚ್ಚಿಟ್ಟುಕೊಳ್ಳಿ ಎಂದು ಹೆದರಿಸಿದ. ಹೆಂಗಸರೆಲ್ಲ ಬಳೆ, ಸರ ಬಿಚ್ಚಿದೆವು. ನನ್ನ ಗಂಡನ ಕಣ್ಣು ಅತ್ತೆಯ ಕೊರಳಿಗೆ ಹೋಯಿತು. ಅಲ್ಲಿದ್ದದ್ದು ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಬೆಳ್ಳಿಯ ಆಸೆಗೆ ಕೊರಳಿಗೇ ಕೈ ಹಾಕುತ್ತಾರೆಂದು ಅವನು ಜೀವ ತಿಂದ. ಬೇಸತ್ತು ಅತ್ತೆ ಕರಡಿಗೆಯನ್ನು ಮಗನ ಕೈಗಿಟ್ಟರು. ಲಿಂಗವನ್ನು ಅರಿವೆಯ ಚೂರಿನಲ್ಲಿ ಗಂಟು ಕಟ್ಟಿ ಕೊರಳಿಗೆ ಹಾಕಿಕೊಂಡರು.

ಕಠ್ಮಂಡುವಿನಲ್ಲಿ ಅತ್ತೆ ಬಾಗಮತಿ ನದಿಗಿಳಿದು ಮುಳುಗೆದ್ದಾಗ ಅವರ ಕೊರಳಲ್ಲಿ ಒದ್ದೆ ಅರಿವೆ ಮಾತ್ರ ಇತ್ತು. ಗಂಟು ಸಡಿಲಾಗಿ ಲಿಂಗ ಜಾರಿಹೋಗಿತ್ತು. ಬಸ್ಸಿನ ಮಂದಿಯೆಲ್ಲ ನೀರಿಗಿಳಿದು ಕೆಸರಿನಲ್ಲಿ ಕೈಯಾಡಿಸಿದೆವು. ಸಿಗಲಿಲ್ಲ.

ಲಿಂಗ ಕಳೆದವರು ಗುರುವಿನ ಕೈಯಿಂದ ಬೇರೆ ಲಿಂಗ ಪಡೆಯುವವರೆಗೆ ಅನ್ನ ನೀರು ಮುಟ್ಟುವಂತಿಲ್ಲ. ನಾವು ಈ ನೇಮವನ್ನು ಬಾಯಲ್ಲಿ ಹೇಳುತ್ತಿದ್ದೆವು, ಅತ್ತೆ ಪಾಲಿಸುವವರು. ನಮಗೆ ಗೊತ್ತಿದ್ದ ಹತ್ತಿರದ ಮಠವೆಂದರೆ ಕಾಶಿಯದು. ಉಳಿದ ಊರುಗಳನ್ನು ಬಿಟ್ಟು ಬಸ್ಸು ತಿರುಗಿತು. ಯಾರೂ ಗೊಣಗಲಿಲ್ಲ, ಅದನ್ನು ಹೇಳಲೇಬೇಕು. ಘಟ್ಟ ಇಳಿದ ಮೇಲೆ ಬಿಸಿಲು ಶುರುವಾಯಿತು. ಅತ್ತೆಯ ತುಟಿಗಳು ಒಡೆದವು. ನಾನು ತಂಬಿಗೆ ಹಿಡಿದು ಬೇಡಿಕೊಂಡಾಗಲೆಲ್ಲ ತಲೆಯಲ್ಲಾಡಿಸಿದರು.

ಗಡಿ ಇನ್ನೂ ದೂರವಿರುವಾಗ ಅವರು ಸೀಟಿನಿಂದ ಕುಸಿದರು. ರಸ್ತೆಬದಿಯ ಚಹಾದಂಗಡಿಯ ನೇಪಾಳಿ ಹೆಂಗಸು ಓಡಿಬಂದು ತನ್ನ ಮಂಚ ಬಿಟ್ಟುಕೊಟ್ಟಳು, ಕೂತು ಗಾಳಿ ಬೀಸಿದಳು. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಆ ದೇಶದಲ್ಲಿ ನಮ್ಮದೊಂದು ಸೂಜಿಯನ್ನೂ ಯಾರೂ ಕದ್ದಿರಲಿಲ್ಲ. ಅವಳೇ ಕರೆಸಿದ ವೈದ್ಯ ನಾಡಿ ಹಿಡಿದು, ಈಗ ನೀರು ಹೋಗದಿದ್ದರೆ ಮುದುಕಿ ಕಾಶಿ ಮುಟ್ಟುವುದಿಲ್ಲ ಎಂದು ಹಿಂದಿಯಲ್ಲಿ ಹೇಳಿದ.

ಅತ್ತೆಗೆ ಎಚ್ಚರವಿತ್ತು. ಮಗನ ಕೈಯಲ್ಲಿ ತಂಬಿಗೆ ಕಂಡು ಗೋಡೆಯ ಕಡೆ ಹೊರಳಿದರು. "ಬ್ಯಾಡ ತಮ್ಮಾ, ಕಾಶಿ ತನಾ ತಡೀತೀನಿ," ಅಂದರು. ನನ್ನ ಗಂಡ ಮಂಚ ಹತ್ತಿ, ಮೊಣಕಾಲಿನಿಂದ ಅವರ ತೋಳು ಒತ್ತಿ, ಮೂಗು ಹಿಡಿದ. ಉಸಿರಿಗೆ ಬಾಯಿ ತೆರೆದಾಗ ನೀರು ಸುರಿದ. ಅತ್ತೆ ಒದ್ದಾಡಿದರು, ಉಗುಳಿದರು. ಅವನು ಮತ್ತೆ ಸುರಿದ. ಅಳುತ್ತಲೇ ಸುರಿದ. ನೇಪಾಳಿ ಹೆಂಗಸು ಬೀಸಣಿಗೆ ಬಿಟ್ಟು ಹೊರಗೆ ಹೋದಳು. ನೀರು ಗಂಟಲಿಗಿಳಿದದ್ದು ಕಂಡು ನನಗೆ ಜೀವ ಬಂದಂತಾಯಿತು, ಅವನ ಕೈ ಕಡಿಯಬೇಕೆಂದೂ ಅನಿಸಿತು.

ಅತ್ತೆ ಬದುಕಿದರು. ಕಾಶಿಯ ಮಠದಲ್ಲಿ ಸ್ವಾಮಿಗಳು ಬೇರೆ ಲಿಂಗ ಕೊಟ್ಟರು, ನಡೆದದ್ದನ್ನು ಕೇಳಿ ತಪ್ಪೇನಿಲ್ಲ ತಾಯಿ ಎಂದರು. ನನ್ನ ಗಂಡನ ಮುಖ ಅರಳಿತು. ಪ್ರಸಾದದ ತಾಟು ತಾನೇ ತಂದು ತಾಯಿಯ ಮುಂದಿಟ್ಟ. ಅತ್ತೆ ಅದನ್ನು ಪಕ್ಕಕ್ಕೆ ಸರಿಸಿದರು.

"ಕಳ್ಳರಿಗಿ ಅಂಜಂತ ಎಲ್ಲಾರೂ ಹೇಳಿದ್ರು ತಮ್ಮಾ. ನಿನಗ ಅಂಜಂತ ಯಾರೂ ಹೇಳಿರ್ಲಿಲ್ಲ."

ಅವನು ಮಾಡದಿದ್ದರೆ ಅವರು ಸಾಯುತ್ತಿದ್ದರು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಿಯೇನು. ಆದರೆ ಊರಿಗೆ ಬಂದ ಮೇಲೆ ಅತ್ತೆ ಮಗನ ಕೈಯ ನೀರು ಮುಟ್ಟಲಿಲ್ಲ. ಮಧ್ಯಾಹ್ನ ಮಲಗುವಾಗಲೂ ಒಳಗಿನಿಂದ ಚಿಲಕ ಹಾಕುತ್ತಿದ್ದರು, ತಾವು ಸೊಸೆಯಾಗಿ ಬಂದು ಮುದುಕಿಯಾದ ಆ ಮನೆಯಲ್ಲಿ. ಎಷ್ಟೋ ವರ್ಷಗಳ ಮೇಲೆ ಹಾಸಿಗೆ ಹಿಡಿದಾಗ, ಮಗನ ಹೆಜ್ಜೆ ಕೇಳಿದರೆ ಸಾಕು, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅವನು ಹೊಸ್ತಿಲಿನ ಹೊರಗೇ ನಿಂತು, ಅವ್ವ ನೀರು ಕುಡಿದಳೇನು ಎಂದು ನನ್ನನ್ನು ಕೇಳಿ ಅಂಗಡಿಗೆ ಹೋಗುತ್ತಿದ್ದ.