ಕಿವಿಯ ಬಳಿಯಿಂದ ಇಳಿದ ಭುಜ

ಹೋಟೆಲಿನ ನೆಲಮಾಳಿಗೆಯಲ್ಲಿರುವ ಲಾಂಡ್ರಿಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಇಸ್ತ್ರಿ ಅಕ್ಕ ಎಂದೇ. ಅವರ ಕೈ ಬಿದ್ದ ಕಾಲರು ಸಂಜೆಯವರೆಗೂ ತಲೆ ತಗ್ಗಿಸುವುದಿಲ್ಲ. ಆದರೆ ಇಸ್ತ್ರಿ ಮೇಜಿನ ಮುಂದೆ ಮತ್ತೆ ನಿಲ್ಲುತ್ತೇನೆಂಬ ನಂಬಿಕೆಯನ್ನೇ ಹೋದ ವರ್ಷ ಅವರು ಕಳೆದುಕೊಂಡಿದ್ದರು.

ಒಂದು ಬೆಳಿಗ್ಗೆ ಹಬೆಯ ಕೊಳವೆ ಸಿಡಿಯಿತು. ಜೊತೆಗೇ ಕೆಲಸ ಮಾಡುವ ನಾದಿನಿಯ ಮುಂಗೈ ಸುಟ್ಟಿತು. ಪಕ್ಕದಲ್ಲೇ ನಿಂತಿದ್ದ ಅಕ್ಕನಿಗೆ ಒಂದು ಬೊಬ್ಬೆಯೂ ಏಳಲಿಲ್ಲ. ನಾದಿನಿ ಗಾಯ ಮಾಗಿ ಕೆಲಸಕ್ಕೆ ಮರಳಿದಳು. ಅಕ್ಕನ ಬಲಭುಜ ಮಾತ್ರ ಕಿವಿಯ ಹತ್ತಿರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತು. ಹಬೆ ಬುಸ್ಸೆಂದರೆ ಸಾಕು, ದವಡೆ ಬಿಗಿಯುತ್ತಿತ್ತು, ಬೆರಳು ತಣ್ಣಗಾಗುತ್ತಿತ್ತು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಏನೂ ಇಲ್ಲವೆಂದ ಮೇಲೆ ನೋವನ್ನು ಯಾರ ಮುಂದೆ ಹೇಳುವುದು? ಅವರು ಇಸ್ತ್ರಿ ಬಿಟ್ಟು ಹಾಸುಬಟ್ಟೆ ಮಡಿಸುವ ಕೆಲಸಕ್ಕೆ ಹೋದರು.

ಸುತ್ತಲಿನವರು ಒಳ್ಳೆಯವರು. ಅಕ್ಕ ಬರುವುದು ಕಂಡರೆ ಯಾರಾದರೂ ಓಡಿಹೋಗಿ ಹಬೆಯ ವಾಲ್ವ್ ಮುಚ್ಚುತ್ತಿದ್ದರು. ಮನೆಯಲ್ಲಿ ಗಂಡ ಕುಕ್ಕರನ್ನು ಅಟ್ಟಕ್ಕೆ ಸೇರಿಸಿ, ಪಾತ್ರೆಯಲ್ಲಿ ಬೇಯಿಸಿದ ಅನ್ನವೇ ರುಚಿ ಎಂದು ಸಾಧಿಸುತ್ತಿದ್ದರು.

ಕೊನೆಗೆ ಒಬ್ಬ ಫಿಜಿಯೋಥೆರಪಿಸ್ಟ್ ಇದನ್ನೆಲ್ಲ ಕೇಳಿಸಿಕೊಂಡು ತಪ್ಪು ಎಲ್ಲಿದೆ ಎಂದು ತಿಳಿಸಿದರು. “ಎಲ್ರೂ ಸೇರಿ ಸದ್ದನ್ನ ಅಡಗಿಸ್ತಿದ್ದಾರೆ. ಯಾವಾಗ ಬರುತ್ತೋ ಅಂತ ನಿಮ್ಮ ಮೈ ದಿನವಿಡೀ ಕಾವಲು ಕೂತಿದೆ. ಅಪಾಯ ಮುಗೀತು ಅಂತ ಬಾಯಲ್ಲಿ ಹೇಳಿದ್ರೆ ಅದು ನಂಬಲ್ಲ, ತೋರಿಸ್ಬೇಕು.”

ತೋರಿಸುವ ಹೊಣೆಯನ್ನು ನಾದಿನಿ ಹೊತ್ತಳು. ಹಾಸುಬಟ್ಟೆಯ ಎರಡು ತುದಿ ಹಿಡಿದು ಎಳೆಯುವಾಗ ಇಬ್ಬರೂ ಉಸಿರು ಒಳಗೆಳೆಯಬೇಕು, ಮಡಿಸುತ್ತ ಹತ್ತಿರ ಬರುವಾಗ ಹೊರಬಿಡಬೇಕು ಎಂಬುದು ಅವಳದೇ ನಿಯಮ.

“ಅತ್ತಿಗೆ, ನಿಮ್ಮ ಭುಜ ಕಿವೀಲಿ ಏನೋ ಗುಟ್ಟು ಹೇಳ್ತಿದೆ. ಸ್ವಲ್ಪ ಜೋರಾಗಿ ಹೇಳೋಕೆ ಹೇಳಿ, ನಾವೂ ಕೇಳ್ತೀವಿ.”

ಕೆಲವು ವಾರಗಳಾದ ಮೇಲೆ ಅವಳು ಅತ್ತಿಗೆಯ ಕೈಯನ್ನು ವಾಲ್ವಿನ ಚಕ್ರದ ಮೇಲಿಟ್ಟಳು.

“ನೀವೇ ತಿರುಗಿಸಿ. ಸಾಕು ಅನ್ನಿಸಿದ್ರೆ ನೀವೇ ಮುಚ್ಚಿ.”

ಹಬೆ ಸಣ್ಣಗೆ ಬುಸುಗುಟ್ಟಿತು. ಭುಜ ಏರಿತು. ಅಕ್ಕ ಮುಚ್ಚಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆರೆದರು. ಕೆಲವು ದಿನ ಚಕ್ರ ಮುಟ್ಟಲೂ ಆಗುತ್ತಿರಲಿಲ್ಲ. ಆಗ ಇಬ್ಬರೂ ಬರೀ ಬಟ್ಟೆ ಮಡಿಸುತ್ತಿದ್ದರು. ಉಳಿದವರು ಓಡಿಹೋಗಿ ಮುಚ್ಚುವುದನ್ನು ಬಿಟ್ಟು, ತೆರೆಯುವ ಮೊದಲು “ಹಬೆ ಬಂತು” ಎಂದು ಕೂಗುವುದನ್ನು ರೂಢಿಸಿಕೊಂಡರು. ಈಗಲೂ ಹಾಗೇ ಕೂಗುತ್ತಾರೆ.

ಇಸ್ತ್ರಿ ಮೇಜಿಗೆ ಮರಳಿದ ದಿನ ಅಕ್ಕ ಮೊದಲು ಕೈಗೆತ್ತಿಕೊಂಡದ್ದು, ಸುಟ್ಟ ಕಲೆ ಮುಚ್ಚಲೆಂದು ನಾದಿನಿ ತೊಡುವ ಉದ್ದ ತೋಳಿನ ಅಂಗಿಯನ್ನು.

“ತೋಳಿನ ಗೆರೆ ಸೊಟ್ಟಗಿದೆ, ಅತ್ತಿಗೆ.”

“ನಿನ್ನ ನಾಲಿಗೆಗಿಂತ ನೆಟ್ಟಗಿದೆ, ಹಾಕ್ಕೋ.”

ಭುಜ ಇನ್ನೂ ಒಮ್ಮೊಮ್ಮೆ ಏರುತ್ತದೆ. ಇಳಿಯುವ ದಾರಿ ಈಗ ಅದಕ್ಕೆ ಗೊತ್ತಿದೆ. “ಸುಟ್ಟಿದ್ದು ಅವಳ ಕೈ. ನನ್ನನ್ನ ಹಿಡ್ಕೊಂಡಿದ್ದೂ ಅದೇ ಕೈ,” ಎನ್ನುತ್ತಾರೆ ಅಕ್ಕ.

ಕುಕ್ಕರನ್ನೂ ಅವರೇ ಅಟ್ಟದಿಂದ ಇಳಿಸಿದರು. ಅದು ಕೂಗಿದಾಗ ಗಂಡ ಅಡುಗೆಮನೆಗೆ ಬಂದು ಹೆಂಡತಿಯ ಭುಜ ನೋಡಿದರು. ಆಮೇಲೆ, ಪಾತ್ರೆಯ ಅನ್ನ ತನಗೆ ಎಂದೂ ಸೇರಿರಲಿಲ್ಲವೆಂದು ಒಪ್ಪಿಕೊಂಡರು.